ಡಬ್ಬಿ ಹಾಲಿನ ಪ್ರಶ್ನೆ

ಜೂನ್ 3, ಸೋಮವಾರ

ಕೀರ್ತನಾಗೆ ಇನ್ಸುಲಿನ್ ಹಾಕಿ ಸ್ಕೂಲ್ ವ್ಯಾನ್ ಹತ್ತಿಸಿದೆ. ಏಳು ವರ್ಷದ ಮಗುವಿಗೆ ಶುಗರ್ ಎಂದರೆ ಗೋವಿಂದರಾಜನಗರದ ಈ ಬೀದಿ ಇನ್ನೂ ನಂಬುವುದಿಲ್ಲ. ಅತ್ತೆ ಮಾತ್ರ ಕಾರಣವನ್ನೂ ಕಂಡುಹಿಡಿದಿದ್ದಾರೆ. “ಎದೆಹಾಲು ಬಿಡ್ಸಿ ಡಬ್ಬಿ ಹಾಲು ಹಾಕಿದ್ಯಲ್ಲ, ಅನುಭವಿಸು.” ದಿನಾ ಇದೇ ಸುಪ್ರಭಾತ.

ಜೂನ್ 6

ಆಸ್ಪತ್ರೆಯಿಂದ ಚೇತನಾ ಬಂದಿದ್ದಳು. ಮಕ್ಕಳ ಶುಗರ್ ಬಗ್ಗೆ ಸಂಶೋಧನೆ ಮಾಡುವವಳು, ಹುಬ್ಬಳ್ಳಿ ಕಡೆಯ ಹುಡುಗಿ. “ಹುಟ್ಟಿದಾಗಿಂದ ಮಕ್ಕಳನ್ನ ವರ್ಷಗಟ್ಟಲೆ ನೋಡ್ಕೋತ ಹೋಗೋ ಸ್ಟಡಿ ಬ್ಯಾರೆ ರೀ. ನಮ್ದು ಕೇಸ್-ಕಂಟ್ರೋಲ್. ಜಡ್ಡು ಇರೋ ಮಗು ಕೇಸ್. ಅದ ಓಣಿ, ಅದ ವಯಸ್ಸಿನ ಆರಾಮಿರೋ ಮಗು ಕಂಟ್ರೋಲ್. ಇಬ್ಬರ ತಾಯಂದಿರಿಗೂ ಹಿಂದಿಂದು ಕೇಳಿ ಹೋಲಿಸ್ತೀವಿ.”

ನನ್ನ ಮಗಳು ಕೇಸ್. ನುಂಗಿಕೊಂಡೆ. ಕೇಳಿದ್ದಕ್ಕೆಲ್ಲ ನಿಜ ಹೇಳಿದೆ — ಮೂರನೇ ತಿಂಗಳಿಂದ ಡಬ್ಬಿ ಹಾಲು, ಹೌದು. ಆರೋಗ್ಯವಾಗಿರುವ ಮಗು? ಮಹಡಿ ಮನೆ ಗಿರಿಜಾದೇವಿಯ ಮಗ ಅನಿಕೇತ್ ಎಂದೆ. ಒಳಗೊಳಗೇ ಖುಷಿ. ಅವನೂ ಡಬ್ಬಿ ಹಾಲು ಕುಡಿದು ಬೆಳೆದವನೇ. ಇಬ್ಬರೂ ಒಂದೇ ಮೆಡಿಕಲ್ ಸ್ಟೋರಿನಿಂದ ತರುತ್ತಿದ್ದೆವು. ಇನ್ನು ಅತ್ತೆಯ ಬಾಯಿ ಮುಚ್ಚುತ್ತದೆ.

ಜೂನ್ 15, ಶನಿವಾರ

ಚೇತನಾ ಮಹಡಿಗೆ ಬಂದಳು. ನಾನು, ಅತ್ತೆ ಇಬ್ಬರೂ ಹೋಗಿ ಕುಳಿತೆವು. ಬೇರೆಯವರು ಇರಬಾರದು ಎಂದಳು. ನಮ್ಮ ಬೀದಿಯಲ್ಲಿ ಆ ಮಾತನ್ನು ಯಾರು ಕೇಳುತ್ತಾರೆ?

“ಡಬ್ಬಿ ಹಾಲು ಕೊಟ್ಟಿದ್ರೇನ್ರೀ?”

ಗಿರಿಜಾದೇವಿ ತನ್ನ ಅತ್ತೆ ಚಿಕ್ಕಗಂಗಮ್ಮನವರ ಮುಖ ನೋಡಿದಳು. ಅನಿಕೇತ್ ಕೂಸಾಗಿದ್ದಾಗ ಅವರು ಹಳ್ಳಿಯಲ್ಲಿದ್ದರು, ಡಬ್ಬಿ ಹಾಲಿನ ವಿಷಯ ಅವರಿಗೆ ಗೊತ್ತಿಲ್ಲ. “ಅಯ್ಯೋ, ಇಲ್ಲಪ್ಪ. ಎರಡು ವರ್ಷ ನನ್ನ ಹಾಲೇ.”

ಫಾರ್ಮಿನಲ್ಲಿ ‘ಇಲ್ಲ’ಕ್ಕೆ ಟಿಕ್ ಬಿತ್ತು. ನಮ್ಮತ್ತೆ ನನ್ನತ್ತ ತಿರುಗಿ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಜೂನ್ 16

ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ಗಿರಿಜಾದೇವಿ ಸಿಕ್ಕಳು. “ಅತ್ತೆ ಪಕ್ಕದಲ್ಲೇ ಇದ್ರು ಕಣೇ, ಹೆಂಗೆ ಹೇಳ್ಲಿ? ಬಿಡು, ಒಂದು ಟಿಕ್ಕು ತಾನೇ.”

ಒಂದು ಟಿಕ್ಕು! ಇಂಥವನ್ನೆಲ್ಲ ಸೇರಿಸಿ ನಾಳೆ ತಪ್ಪನ್ನು ನನ್ನಂಥವರ ತಲೆಗೇ ಕಟ್ಟುತ್ತಾರೆ. ಮಗುವಿಗೆ ಕಾಯಿಲೆ ಬಂದವಳು ಇದ್ದದ್ದನ್ನೆಲ್ಲ ಒಪ್ಪಿಕೊಳ್ಳುತ್ತಾಳೆ, ಬರದವಳು ಮರ್ಯಾದೆ ಉಳಿಸಿಕೊಳ್ಳುತ್ತಾಳೆ. ಏನನ್ನು ಹೋಲಿಸುತ್ತಾರೋ...

ಚೇತನಾಗೆ ಫೋನ್ ಮಾಡಿದೆ. “ಅವರು ಹೇಳಿದ್ದನ್ನ ಬರ್ಕೋಬೇಕ್ರೀ, ನೀವು ಹೇಳಿದ್ದು ನಡ್ಯಂಗಿಲ್ಲ.” ಸರಿ ತಾಯಿ.

ಜೂನ್ 29, ಸಂಜೆ

ಇನ್ಸುಲಿನ್ ಹಾಕುವಾಗ ಕೀರ್ತನಾ ಕೇಳಿದಳು. “ಅಮ್ಮ, ಅನಿಕೇತ್‌ಗೆ ಅವರಮ್ಮ ಅವರದೇ ಹಾಲು ಕೊಟ್ರಂತೆ, ಅದಕ್ಕೇ ಅವನು ಚೆನ್ನಾಗಿದಾನಂತೆ. ಅಜ್ಜಿ ಹೇಳಿದ್ರು. ನಂಗ್ಯಾಕೆ ನೀನು ಕೊಡ್ಲಿಲ್ಲ?”

ಮೇಲೆ ಹೋಗಿ ಗಿರಿಜಾದೇವಿಯ ಜುಟ್ಟು ಹಿಡಿದು... ಬೇಡ.

ಸೂಜಿ ತೆಗೆದೆ. ನೋವಾಯಿತಾ ಎಂದೆ. ಇಲ್ಲ ಎಂದಳು. ಡಬ್ಬಿ ಹಾಲಿನಿಂದ ಬಂದದ್ದಲ್ಲ ಕಂದಾ ಎನ್ನಲು ಬಾಯಿ ತೆರೆದೆ. ಆದರೆ ಅದರಿಂದಲ್ಲ ಎಂದು ನನಗೂ ಇನ್ನೂ ಯಾರೂ ಹೇಳಿಲ್ಲ.