ಸುಂಕದ ಕಟ್ಟೆಯಲ್ಲಿ ಉಳಿದ ಬಾಲಯೇಸು

ಕಾಲ್ನಡಿಗೆ ಸೇತುವೆಯ ಉತ್ತರದ ತುದಿಯಲ್ಲಿ ಸುಂಕದ ಅಧಿಕಾರ ನಡೆಸುವ ಮಾನ್ಯರೇ,

ಮೇಣದಬತ್ತಿ ಹಬ್ಬದ ಹಿಂದಿನ ದಿನ ನಿಮ್ಮ ಕಚೇರಿ ನನ್ನ ಕೈಯಿಂದ ಗೋದಲಿಯ ಒಂದು ಬಾಲಯೇಸುವನ್ನು ತೆಗೆದುಕೊಂಡಿತು. ಈಗ ಈಸ್ಟರ್ ಹಬ್ಬವೂ ಕಳೆದು ಬಿಸಿಲು ಬಲಿತಿದೆ. ಮಗು ಇನ್ನೂ ನಿಮ್ಮಲ್ಲೇ ಇದೆ. ವಾಪಸು ಕೊಡಿ ಎಂದು ಕಿಟಕಿಯಿಂದ ಕಿಟಕಿಗೆ ಅಲೆದು ಸಾಕಾಗಿ, ಆಚೆ ಅಮೆರಿಕದ ಎಲ್ ಪಾಸೊದವರೂ ಈಚೆ ಮೆಕ್ಸಿಕೊದ ಹುವಾರೆಸ್‌ನವರೂ ಓದುವ ಈ ಪತ್ರಿಕೆಯ ಮೂಲಕ ನಿಮ್ಮನ್ನು ಕೇಳುತ್ತಿದ್ದೇನೆ. ನಾನು ಹೆಚ್ಚು ಓದಿದವಳಲ್ಲ. ದುರಾಂಗೊ ಬೆಟ್ಟದ ಹಳ್ಳಿಯೊಂದರ ಒಂದೇ ಕೋಣೆಯ ಶಾಲೆಯಲ್ಲಿ ಕಲಿತ ಅಕ್ಷರ ಇದು. ತಪ್ಪಿದ್ದರೆ ಮನ್ನಿಸಿ, ಹಾಗೆ ಮನ್ನಿಸುವ ಅಧಿಕಾರವನ್ನೂ ನಿಮಗೆ ಕೊಟ್ಟಿದ್ದರೆ.

ಬಾಲಯೇಸುವಿಗೆ ಬಟ್ಟೆ ಹೊಲಿಯುವುದು, ಮುರಿದ ಬೆರಳು ಕೂಡಿಸುವುದು, ಮಾಸಿದ ಕೆನ್ನೆಗೆ ಬಣ್ಣ ಹಚ್ಚುವುದು ನನ್ನ ಕಸುಬು. ಕ್ರಿಸ್ಮಸ್ ರಾತ್ರಿ ಗೋದಲಿಯಲ್ಲಿ ಮಲಗಿಸಿದ ಮಗುವಿಗೆ ಫೆಬ್ರವರಿ ಎರಡರ ಮೇಣದಬತ್ತಿ ಹಬ್ಬದಂದು ಹೊಸ ಬಟ್ಟೆ ತೊಡಿಸಿ, ಬಲಿಪೂಜೆಗೆ ಒಯ್ದು, ಬಂದವರಿಗೆ ಜೋಳದ ಕಡುಬಿನಂಥ ತಮಾಲೆ ಬಡಿಸಿದ ಮೇಲೆಯೇ ನಮ್ಮಲ್ಲಿ ಗೋದಲಿ ಬಿಚ್ಚುವುದು. ಹೊಲಿಗೆಗೆಂದು ಮಗುವನ್ನು ಎತ್ತಿಕೊಂಡರೂ ಅಲ್ಲಿಯವರೆಗೆ ಒಂದು ಹುಲ್ಲುಕಡ್ಡಿಯನ್ನೂ ಕದಲಿಸುವಂತಿಲ್ಲ. ಜನವರಿ ಇಡೀ ಹುವಾರೆಸ್‌ನ ನನ್ನ ಅಂಗಡಿಯ ಹಲಗೆಯ ಮೇಲೆ ಎರಡೂ ಊರಿನ ಬಾಲಯೇಸುಗಳು ಸಾಲಾಗಿ ಬೆತ್ತಲೆ ಮಲಗಿರುತ್ತಾರೆ. ಬೆತ್ತಲೆ ಮಗುವನ್ನು ನೋಡಿ ಯಾವ ದೇಶದ್ದೆಂದು ಹೇಳುವ ವಿದ್ಯೆ ನಿಮಗೆ ಬರಬಹುದು, ನನಗೆ ಬಾರದು. ಸ್ಯಾಟಿನ್ನು, ಜರಿ, ಗುಂಡಿ ಎಲ್ಲ ಎಲ್ ಪಾಸೊದ ಯೂನ್ ಅವರ ಅಂಗಡಿಯದು. ಬಟ್ಟೆ ಆಚೆಯದು, ಹೊಲಿಗೆ ಈಚೆಯದು, ಪ್ರಾರ್ಥನೆ ಎರಡೂ ದಡದ್ದು. ನಡುವೆ ಇದ್ದದ್ದು ನನ್ನ ಚೀಲ, ಗಡಿ ದಾಟುವ ಕಾರ್ಡು, ಎರಡು ಕಾಲು.

ಹೊಸ ವರ್ಷಕ್ಕೆ ನೀವು ಸೇತುವೆಯ ಕಂಬಕ್ಕೆ ಆಜ್ಞೆ ಅಂಟಿಸಿದಿರಿ. ದುಡ್ಡಿಗಾಗಿ ತಯಾರಾದ ಯಾವ ವಸ್ತುವೂ ಇನ್ನು ಕಾಲ್ನಡಿಗೆಯಲ್ಲಿ ಬರಕೂಡದು. ಬೆಲೆ ಘೋಷಿಸಿ, ದಲ್ಲಾಳಿಯನ್ನು ಹಿಡಿದು, ಲಾರಿ ಸೇತುವೆಯಲ್ಲೇ ಬರಬೇಕು. ಮಾನ್ಯರೇ, ಲಾರಿ ತುಂಬುವಷ್ಟು ವ್ಯಾಪಾರವಿದ್ದರೆ ನಾನು ನಡೆದು ಬರುತ್ತಿದ್ದೆನೆ? ನಿಮ್ಮ ಆಜ್ಞೆಗೆ ಹೆದರಿ ಗಿಣ್ಣು ಮಾರುವವಳು ನಿಂತಳು, ಬೂಟು ರಿಪೇರಿಯವನು ನಿಂತ. ಈಚೆ ಮಾಡಿದ್ದನ್ನು ಒಯ್ಯಲಾಗದಿದ್ದರೆ ಆಚೆಯಿಂದ ಸಾಮಾನು ತರುವವರು ಯಾರು? ಯೂನ್ ನಮ್ಮ ಧರ್ಮದವರಲ್ಲ, ಆದರೂ ನಮ್ಮ ಹಬ್ಬಗಳ ಲೆಕ್ಕ ಅವರಿಗೆ ಬಾಯಿಪಾಠ. ಅವರು ಮೊನ್ನೆ ಅಂದದ್ದು ಇಷ್ಟು: “ಅಕ್ಕಾ, ಈ ಸಲ ನಮ್ಮಂಗಡಿಗೆ ಬಂದಿದ್ದು ಧೂಳು ಒಂದೇ. ಪಾಪ, ಅದಕ್ಕೆ ದಲ್ಲಾಳಿ ಬೇಕಾಗ್ಲಿಲ್ಲ ನೋಡಿ.”

ಈಗ ಆ ಮಗುವಿನ ಮಾತಿಗೆ ಬರುತ್ತೇನೆ. ಅದು ಎಲ್ ಪಾಸೊದ ಹಳೆಯ ಕೇರಿಯಲ್ಲಿರುವ ದೋನ್ಯಾ ಎರ್ಮೀನಿಯಾ ಅವರದು, ಅವರ ತಾಯಿಯಿಂದ ಬಂದದ್ದು. ಅವರಿಗೆ ಎಂಬತ್ತು ದಾಟಿದೆ, ಮೂಗಿಗೆ ಆಮ್ಲಜನಕದ ಕೊಳವೆ, ಮನೆಯ ಹೊಸಿಲು ದಾಟುವುದೇ ಕಷ್ಟ. ಒಬ್ಬನೇ ಮಗ ನೆಮೆಸಿಯೊ ಈಚೆ ದಡದಲ್ಲಿ ನನ್ನ ಕೇರಿಯವನು. ಅವನು ಆಚೆಗೆ ಬರುವಂತಿಲ್ಲ ಎಂದು ನಿಮ್ಮವರೇ ಎಂದೋ ತೀರ್ಮಾನಿಸಿದ್ದಾರೆ, ಆ ವಾದಕ್ಕೆ ನಾನು ಹೋಗುವುದಿಲ್ಲ. ಆ ಮನೆಯಲ್ಲಿ ಸೇತುವೆ ದಾಟಬಲ್ಲವನಾಗಿ ಉಳಿದವನು ಬಾಲಯೇಸು ಒಬ್ಬನೇ. ಪ್ರತಿ ಜನವರಿಯಲ್ಲಿ ನಾನು ಅವನನ್ನು ಈಚೆಗೆ ತರುತ್ತೇನೆ. ಹೊಲಿಗೆ ಮುಗಿಯುವವರೆಗೆ ನೆಮೆಸಿಯೊ ತನ್ನ ಮನೆಯಲ್ಲಿ ಇಟ್ಟುಕೊಂಡು ತೂಗುತ್ತಾನೆ, ಕಿವಿಯಲ್ಲಿ ಏನೋ ಹೇಳಿ ಕಳಿಸುತ್ತಾನೆ. ಆಚೆ ತಾಯಿ ಅವನನ್ನು ಎದೆಗೊತ್ತಿಕೊಂಡು ಹೂಂ ಅನ್ನುತ್ತಾರೆ. ಫೋನು ಇದೆಯಲ್ಲ ಎಂದು ನೀವು ಹೇಳಬಹುದು. ಫೋನನ್ನು ಎತ್ತಿಕೊಂಡು ತೂಗಲಾಗುತ್ತದೆಯೆ?

ಈ ಸಲ ದೋನ್ಯಾ ಯಾತ್ರಿಕನ ವೇಷ ಕೇಳಿದ್ದರು. ಅಗಲ ಟೊಪ್ಪಿ, ಊರುಗೋಲು, ರೊಟ್ಟಿಯ ಬುಟ್ಟಿ. ಸೆರೆಯಲ್ಲಿರುವವರಿಗೆ ರೊಟ್ಟಿ ಒಯ್ಯುತ್ತಾ ಅಲೆಯುವ ಬಾಲಯೇಸು ಅವನು. ನಡೆದು ನಡೆದು ಅವನ ಜೋಡು ಸವೆಯುತ್ತದೆಂದು ನಮ್ಮವರು ಅವನಿಗೆ ಹೊಸ ಜೋಡು ಹರಕೆ ಒಪ್ಪಿಸುತ್ತಾರೆ. ಜೋಡನ್ನು ನೆಮೆಸಿಯೊನೇ ಹೊಲಿದ. ಅವನು ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿದ್ದಾನೆ, ಕಸಕ್ಕೆ ಹಾಕುವ ತೊಗಲಿನ ಚೂರನ್ನು ಮೇಸ್ತ್ರಿಯನ್ನು ಕೇಳಿ ತಂದಿದ್ದ. ಮಗುವನ್ನು ನನ್ನ ಕೈಗೆ ಕೊಡುವಾಗ ಹೇಳಿದ, “ಅಕ್ಕಾ, ಬಲಗಾಲಿನ ಕಿರುಬೆರಳು ಕೂಡಿಸ್ಬೇಡ. ಅದನ್ನ ಚಿಕ್ಕೋನಿದ್ದಾಗ ನಾನೇ ಕಚ್ಚಿ ಮುರಿದಿದ್ದಂತೆ. ಅಮ್ಮ ಮೊದಲು ಅದನ್ನೇ ತಡವಿ ನೋಡೋದು.”

ಸೇತುವೆಯಲ್ಲಿ ನನ್ನ ಸರದಿ ಬಂದಾಗ ನಿಮ್ಮ ಕಿರಿಯ ಅಧಿಕಾರಿ, ಹಿರಿಯಳೆಂದು ನನ್ನನ್ನೂ ದೋನ್ಯಾ ಎಂದೇ ಕರೆದು, ಚೀಲ ಬಿಚ್ಚಿಸಿದ.

“ಇದು ನಿಮ್ದಾ ದೋನ್ಯಾ?”

“ಅಲ್ಲಪ್ಪ, ದೋನ್ಯಾ ಎರ್ಮೀನಿಯಾದು. ನಾನು ಬಟ್ಟೆ ಹೊಲಿಯೋಳು.”

“ಹೊಲಿದಿದ್ದಕ್ಕೆ ದುಡ್ಡು ತಗೋತೀರಾ?”

“ತಗೋತೀನಿ. ಹೊಟ್ಟೆ ಕೇಳ್ಬೇಕಲ್ಲ.”

“ಹಂಗಾದ್ರೆ ಇದು ಸರಕು. ಬೆಲೆ ಹೇಳಿ.”

“ಬಟ್ಟೇದು ಹೇಳ್ತೀನಿ. ಅವನದು ಹೆಂಗಪ್ಪ ಹೇಳ್ಲಿ?”

ನನ್ನ ಹಿಂದೆ ನಿಂತ ಹೆಂಗಸು ಗೊಣಗಿದಳು, “ಹತ್ತು ಡಾಲರ್ ಅಂದ್ಬಿಡಕ್ಕ, ನಂಗೆ ಕೆಲ್ಸಕ್ಕೆ ಹೊತ್ತಾಯ್ತು.” ಅವಳ ಹಿಂದಿದ್ದ ಮುದುಕ, “ಯೇಸುನ ಮಾರಿದ ಯೂದನೇ ಮೂವತ್ತು ಬೆಳ್ಳಿಕಾಸು ಅಂದಿದ್ದ, ಈಯಮ್ಮ ಹತ್ತಕ್ಕೆ ಇಳಿಸ್ತಾಳಾ?” ಅಂದ. ಸಾಲು ನಕ್ಕಿತು. ನಿಮ್ಮ ಹುಡುಗನೂ ನಗು ತಡೆದುಕೊಂಡ. ಆಮೇಲೆ ದನಿ ತಗ್ಗಿಸಿ, “ನಮ್ಮಜ್ಜಿ ಮನೇಲೂ ಒಂದಿದೆ ದೋನ್ಯಾ, ನಂಗೆ ಅರ್ಥ ಆಗುತ್ತೆ. ಏನೋ ಒಂದು ಅಂಕಿ ಹೇಳಿ. ಖಾಲಿ ಬಿಟ್ರೆ ಈ ಕಂಪ್ಯೂಟರು ಮುಂದಕ್ಕೇ ಹೋಗಲ್ಲ,” ಅಂದ.

“ನಿಮ್ಮಜ್ಜಿ ಮನೇದಕ್ಕೆ ಎಷ್ಟು ಹಾಕ್ತೀಯಪ್ಪ?” ಎಂದು ಕೇಳಿದೆ.

ಅಷ್ಟರಲ್ಲಿ ಮೇಲಿನವರು ಬಂದರು. ಮಗುವಿನ ಕಾಲಿಗೆ ಚೀಟಿ ಕಟ್ಟಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಒಳಗೆ ಒಯ್ದರು.

ಹತ್ತು ಡಾಲರ್ ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಆಮೇಲೆ ಕೇಳದವರಿಲ್ಲ. ನಮ್ಮಲ್ಲಿ ಅಂಗಡಿಯಿಂದ ತಂದ ಬಾಲಯೇಸುವನ್ನೂ ಕೊಂಡೆವು ಎನ್ನುವುದಿಲ್ಲ, ಮನೆಗೆ ಬಂದ ಎನ್ನುತ್ತೇವೆ. ನನ್ನ ಅವ್ವ ಹಾಗೆ ಹೇಳಿಕೊಟ್ಟಳು, ಅವಳಿಗೆ ಅವಳವ್ವ. ಐವತ್ತು ವರ್ಷ ಬಾಯಿಗೆ ಬರದ ಮಾತು ನಿಮ್ಮ ಕಂಪ್ಯೂಟರಿಗಾಗಿ ಬರಲಿಲ್ಲ. ಹೊಲಿಗೆಯ ಮೇಲೆ ಎಷ್ಟು ಬೇಕಾದರೂ ಸುಂಕ ಹಾಕಿ, ಕೊಡುತ್ತೇನೆ. ಆದರೆ ನೀವು ಕೇಳಿದ್ದು ಹೊಲಿಗೆಯ ಬೆಲೆಯನ್ನಲ್ಲ.

ಇನ್ನೊಂದು ಮಾತನ್ನು ನನಗೆ ತಿಳಿಯುವಂತೆ ಹೇಳಿ. ನೆಮೆಸಿಯೊ ಹೊಲಿಯುವ ಸೀಟಿನ ತೊಗಲು ಉತ್ತರದಿಂದ ಬರುತ್ತದೆ, ಹೊಲಿಸಿಕೊಂಡು ಉತ್ತರಕ್ಕೆ ಹೋಗುತ್ತದೆ. ಆ ಲಾರಿಗಳ ಸಾಲು ಕಂಡು ದೊಡ್ಡವರು ಎರಡು ಊರು, ಒಂದೇ ಬದುಕು ಎಂದು ಭಾಷಣ ಮಾಡುತ್ತಾರೆ. ಅದೇ ಹಸುವಿನ ತೊಗಲು, ಅದೇ ನೆಮೆಸಿಯೊನ ಕೈ. ಸೀಟಾದರೆ ದಾಟುತ್ತದೆ, ದೇವರ ಜೋಡಾದರೆ ನಿಲ್ಲುತ್ತದೆ. ನಿಮ್ಮ ಕಚೇರಿಯ ಕಾರಿನ ಸೀಟು ಅವನೇ ಹೊಲಿದದ್ದಿರಬಹುದು. ದಿನವೂ ಅವನ ಹೊಲಿಗೆಯ ಮೇಲೆ ಕೂತು ಬಂದು, ಅವನ ತಾಯಿಯ ಮಗುವಿಗೆ ಬೀಗ ಹಾಕುತ್ತಿದ್ದೀರಿ.

ಬರಿಗೈಯಲ್ಲಿ ಹೋಗಿ ದೋನ್ಯಾ ಅವರಿಗೆ ಹೇಗೆ ಹೇಳಿದೆನೋ ದೇವರಿಗೇ ಗೊತ್ತು. ಅವರು ಬೈಯಲಿಲ್ಲ. ಬೇಯಿಸಿಟ್ಟಿದ್ದ ತಮಾಲೆಯನ್ನು ಅಕ್ಕಪಕ್ಕದವರಿಗೆ ಹಂಚಿಸಿದರು. ಗೋದಲಿಯನ್ನು ಮಾತ್ರ ಮುಟ್ಟಗೊಡಲಿಲ್ಲ. ಈಗ ಮೇ ತಿಂಗಳು. ಅವರ ಮುಂದಿನ ಕೋಣೆಯಲ್ಲಿ ಕುರಿ, ಒಂಟೆ, ಮೂವರು ಜ್ಞಾನಿಗಳು ಧೂಳು ಹೊದ್ದು ಖಾಲಿ ಹುಲ್ಲಿನ ಸುತ್ತ ನಿಂತಿದ್ದಾರೆ. ಬಣ್ಣದ ದೀಪಗಳಲ್ಲಿ ಉರಿಯುವುದಕ್ಕಿಂತ ಆರಿದವೇ ಹೆಚ್ಚು. ತೆಗೆದಿಡಲೇ ಎಂದು ಕೇಳಿದರೆ, “ಮಗು ಬರ್ದೆ ತೊಟ್ಲು ಎತ್ತಾರೇನೇ?” ಎನ್ನುತ್ತಾರೆ. ಕಳೆದ ವಾರ ಉಸಿರು ತೀರ ಕೆಟ್ಟಿತ್ತು. ಗುರುಗಳು ಬಂದು ಅಂತ್ಯಕಾಲದ ತೈಲ ಹಚ್ಚಿ ಹೋದ ಮೇಲೆ ನನ್ನ ಕೈ ಹಿಡಿದು ನಕ್ಕರು. “ಗೋದಲಿ ಎತ್ತದೆ ನಾನು ಸಾಯೋ ಹಂಗಿಲ್ಲ ದೊಮಿತಿಲಾ. ಸುಂಕದೋರು ನಂಗೆ ಆಯಸ್ಸು ಕೊಟ್ಟವ್ರೆ ನೋಡು.” ನೆಮೆಸಿಯೊ ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಮಾತು ಕೇಳುತ್ತಾನೆ, “ಬಂದ್ನಾ ಅಮ್ಮ?” ಅವರು ಉಸಿರು ಕೂಡಿಸಿಕೊಂಡು, “ದಾರೀಲವ್ನೆ ಮಗಾ,” ಎನ್ನುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇದು. ಕೈಕೆಲಸದವರನ್ನು ಮತ್ತೆ ನಡೆದು ದಾಟಲು ಬಿಡಿ. ಅದಕ್ಕೆ ಸಭೆ ಸೇರಬೇಕೆಂದರೆ ಸೇರಿ, ಕಾಯುತ್ತೇವೆ, ಸಾಲಿನಲ್ಲಿ ಕಾಯುವುದು ನಮಗೆ ಹೊಸದಲ್ಲ. ಮಗುವನ್ನು ಮಾತ್ರ ಈ ವಾರವೇ ದೋನ್ಯಾ ಅವರ ಮನೆಗೆ ತಲುಪಿಸಿ. ಆ ಮನೆ ಆಚೆ ದಡದಲ್ಲೇ, ನಿಮ್ಮ ಕಚೇರಿಯಿಂದ ಕೂಗಳತೆಯಲ್ಲಿದೆ. ನಡುವೆ ಯಾವ ಸೇತುವೆಯೂ ಇಲ್ಲ. ನಿಮ್ಮ ಉಗ್ರಾಣದಲ್ಲಿ ಬೊಂಬೆಗಳು ಹಲವಿದ್ದರೆ, ಯಾತ್ರಿಕನ ಟೊಪ್ಪಿಯಿರುವವನ ಬಲಗಾಲಿನ ಜೋಡು ಬಿಚ್ಚಿ ನೋಡಿ. ಕಿರುಬೆರಳಿಲ್ಲ. ಅದು ನಿಮ್ಮವರು ಮುರಿದದ್ದಲ್ಲ, ಆ ದೂರು ನಾನು ಹೇಳುವುದಿಲ್ಲ. ನೋಡಿದ ಮೇಲೆ ಜೋಡನ್ನು ಮತ್ತೆ ತೊಡಿಸಿ, ಮಗ ಹೊಲಿದದ್ದು. ಬೆಲೆಯ ಜಾಗದಲ್ಲಿ ನಿಮ್ಮ ಮನಸ್ಸಿಗೆ ಸರಿ ಕಂಡದ್ದನ್ನು ನೀವೇ ಬರೆದುಕೊಳ್ಳಿ. ಬೇಗ ಬನ್ನಿ. ಆ ಮನೆಯಲ್ಲಿ ಕ್ರಿಸ್ಮಸ್ ಇನ್ನೂ ಮುಗಿದಿಲ್ಲ, ಮುಗಿಸದೆ ಹೋಗಲು ಆ ತಾಯಿಗೆ ಮನಸ್ಸಿಲ್ಲ.

ಇಂತಿ,
ಒಂದು ಅಂಕಿ ಹೇಳಲಾರದೆ ಬರಿಗೈಯಲ್ಲಿ ಸೇತುವೆ ಇಳಿದವಳು,
ದೊಮಿತಿಲಾ ರೆಂತೆರಿಯಾ
ಬಾಲಯೇಸುವಿನ ದರ್ಜಿ, ಹುವಾರೆಸ್