ವಜ್ರ ನುಂಗಿದ ಹೇಂಟೆಯನ್ನು ಬಿಟ್ಟುಕೊಡಿ

ಮಾನ್ಯ ಗಣಿ ತನಿಖಾಧಿಕಾರಿಗಳೇ,

ನೀವು ಹಿಡಿದುಕೊಂಡು ಹೋದದ್ದು ಕಾವು ಕೂತಿದ್ದ ಹೇಂಟೆಯನ್ನು. ಅದರ ಮೊಟ್ಟೆಗಳು ಈಗ ನನ್ನ ಅಡುಗೆಮನೆಯಲ್ಲಿವೆ. ಮರಿ ಹೊರಬರುವ ಹೊತ್ತು ಹತ್ತಿರವಾಗಿದೆ. ತಾಯಿ ಮಾತ್ರ ನಿಮ್ಮ ಕಚೇರಿಯ ಪಂಜರದಲ್ಲಿ ಸರ್ಕಾರಿ ಸ್ವತ್ತಾಗಿ ಕೂತಿದೆ. ಇದನ್ನು ನ್ಯಾಯ ಎನ್ನುತ್ತಾರೆಯೇ?

ಈ ಬಹಿರಂಗ ಪತ್ರ ಓದುವವರಿಗೂ ವಿಷಯ ತಿಳಿಯಲಿ. ತೊಗರ್ಸಿಯ ಆಚೆ ನಾನು ಕೆಲಸ ಮಾಡುವ ವಜ್ರದ ಗಣಿಯಿದೆ. ಗಣಿ ಎಂದರೆ ಗಾಬರಿಯಾಗಬೇಡಿ. ಒಂದು ದೊಡ್ಡ ಗುಂಡಿ, ಒಂದು ಡೀಸೆಲ್ ಪಂಪು, ಒಂದು ಗ್ರೀಸ್ ಮೇಜು, ಅಷ್ಟೇ. ಭೂಮಿಯ ಆಳದಲ್ಲಿ ಹುಟ್ಟಿದ ವಜ್ರ ಯಾವುದೋ ಕಾಲದ ಜ್ವಾಲಾಮುಖಿಯ ಕೊಳವೆಯಲ್ಲಿ ನೀಲಿಗಲ್ಲಿನ ಜೊತೆ ಮೇಲೆ ಬಂದಿರುತ್ತದೆ. ನಾವು ಆ ಕಲ್ಲನ್ನು ಅಗೆದು, ಪುಡಿ ಮಾಡಿ, ತೊಳೆದು, ಗ್ರೀಸ್ ಬಳಿದ ಮೇಜಿನ ಮೇಲೆ ನೀರಿನೊಂದಿಗೆ ಹರಿಸುತ್ತೇವೆ. ಬೇರೆ ಕಲ್ಲುಗಳು ಒದ್ದೆಯಾಗಿ ಜಾರಿಹೋಗುತ್ತವೆ. ವಜ್ರಕ್ಕೆ ನೀರು ಹಿಡಿಯುವುದಿಲ್ಲ, ಜಿಡ್ಡು ಹಿಡಿಯುತ್ತದೆ, ಹಾಗಾಗಿ ಅಂಟಿಕೊಂಡು ಕೂರುತ್ತದೆ. ಕೆಲವರು ಕುರ್ಚಿಗೆ ಅಂಟಿಕೊಂಡ ಹಾಗೆ ಎಂದು ನಮ್ಮ ಮೇಸ್ತ್ರಿ ಸದಾಶಿವಪ್ಪನವರು ಹೇಳುವುದುಂಟು, ನಾನು ಹೇಳಿದ್ದಲ್ಲ.

ಎಷ್ಟೋ ಕಾಲ ಏನೂ ಅಂಟಲಿಲ್ಲ. ಆಯುಧಪೂಜೆಯ ಬೆಳಿಗ್ಗೆ ಅಂಟಿತು! ತೊಗರಿಬೇಳೆಯ ಅರ್ಧದಷ್ಟು ಕಲ್ಲು. ನಾನು ತೆಗೆಯಲು ಹೋದಾಗ ಸದಾಶಿವಪ್ಪ ತಡೆದರು. "ಹಬ್ಬದ ದಿನಾನೇ ಬಂದೈತಿ. ಅಲ್ಲೇ ಇರ್ಲಿ ಬಿಡ್ರಿ, ಅದಕ್ಕೂ ಪೂಜೆ ಆಗ್ಲಿ" ಎಂದರು. ಆಯಿತು. ಮೇಜಿಗೆ ವಿಭೂತಿ, ಕಲ್ಲಿಗೆ ಕುಂಕುಮ, ಎಲ್ಲದರ ಮೇಲೂ ಧಾರಾಳವಾಗಿ ಮಂಡಕ್ಕಿ. ಆಮೇಲೆ ಎಲ್ಲರೂ ಪಂಪಿನ ಮುಂದೆ ಕುಂಬಳಕಾಯಿ ಒಡೆಯಲು ಹೋದೆವು. ಗಣಿಯ ಬಳಿ ಚಹಾದಂಗಡಿ ಇಟ್ಟಿರುವ ಖುರ್ಷೀದ್ ಬೀಯವರ ಹೇಂಟೆ, ಕಾವಿನಿಂದ ಎದ್ದು ದಿನದ ಊಟಕ್ಕೆ ಬಂದದ್ದು ಅದೇ ಹೊತ್ತಿಗೆ. ನಾವು ತಿರುಗಿ ನೋಡಿದಾಗ ಮೇಜಿನ ಮೇಲೆ ಮಂಡಕ್ಕಿಯೂ ಇರಲಿಲ್ಲ, ವಜ್ರವೂ ಇರಲಿಲ್ಲ. ಕೊಕ್ಕಿಗೆ ಕುಂಕುಮ ಹತ್ತಿತ್ತು.

ಸುದ್ದಿ ಮುಟ್ಟಿ ಅಂದೇ ನೀವು ಜೀಪಿನಲ್ಲಿ ಬಂದಿರಿ. ನೆಲದೊಳಗಿನ ಖನಿಜ ಎಲ್ಲಿದ್ದರೂ ಸರ್ಕಾರದ್ದು, ಅದು ತಾನಾಗಿ ಹೊರಬರುವವರೆಗೆ ಕೋಳಿ ನಮ್ಮ ವಶ ಎಂದಿರಿ. ಕೋಳಿ ಸಾಕ್ಷಿಯಾದ್ದರಿಂದ ಕೊಯ್ಯುವಂತಿಲ್ಲ, ಹೊಟ್ಟೆಯಲ್ಲಿ ಖನಿಜವಿರುವುದರಿಂದ ಬಿಡುವಂತಿಲ್ಲ. ಅಂದಿನಿಂದ ನಿಮ್ಮ ಜವಾನರು ಹಿಕ್ಕೆ ಜಾಲಿಸುತ್ತಿದ್ದಾರಂತೆ. ಸ್ವಾಮಿ, ಕೋಳಿಗೆ ಹಲ್ಲಿಲ್ಲ. ಅದು ಕಲ್ಲು ನುಂಗಿ, ಹೊಟ್ಟೆಯಲ್ಲಿಟ್ಟುಕೊಂಡು, ಅದರಿಂದಲೇ ಕಾಳು ಅರೆಯುತ್ತದೆ. ಮೆತ್ತನೆಯ ಕಲ್ಲು ಸವೆದು ಹೋದೀತು. ಲೋಕದಲ್ಲೇ ಗಟ್ಟಿಯಾದ ಕಲ್ಲು ಸವೆಯುವುದು ಯಾವಾಗ? ನಿಮ್ಮ ನಿವೃತ್ತಿಗೆ ಮುಂಚೆಯಂತೂ ಅಲ್ಲ.

ಖುರ್ಷೀದ್ ಬೀ ಆ ದಿನವೇ ಮೊಟ್ಟೆಗಳ ಬುಟ್ಟಿ ಹೊತ್ತು ನಮ್ಮ ಮನೆಗೆ ಬಂದರು. "ನಿಮ್ಮನೇಲಿ ಇನ್ವರ್ಟರ್ ಐತಲ್ರೀ, ಬಲ್ಬ್ ಕೆಳಗೆ ಇಡ್ರಿ. ತಾಯಿ ಬರೋ ತನಕ ಅಷ್ಟೇ" ಎಂದು ಕಣ್ಣೊರೆಸಿಕೊಂಡರು. ನಾನು ಬುಟ್ಟಿಯನ್ನು ಬಲ್ಬಿನ ಕೆಳಗಿಟ್ಟೆ. ನನ್ನ ಅತ್ತೆ ನೀಲಾಂಬಿಕ ಮೊಟ್ಟೆಯ ಸಿಪ್ಪೆಯನ್ನೂ ಹೊಸ್ತಿಲು ದಾಟಿಸದವರು. ಮೊದಲ ದಿನ ಮುಖ ತಿರುಗಿಸಿಕೊಂಡು ಕೂತರು. ಈಗ ಪೂಜೆ ಮುಗಿಸಿ ನೇರ ಬುಟ್ಟಿಯ ಹತ್ತಿರ ಬಂದು ಮೊಟ್ಟೆಗಳನ್ನು ಮಗ್ಗುಲು ಬದಲಿಸುತ್ತಾರೆ. ನಾನು ಮಾಡಿದರೆ ಸರಿಯಾಗುವುದಿಲ್ಲವಂತೆ.

ಆದ್ದರಿಂದ ನನ್ನ ಬೇಡಿಕೆ ಸರಳವಾಗಿದೆ. ಹೇಂಟೆಯನ್ನು ಇಂದೇ ಮನೆಗೆ ಕಳಿಸಿ. ವಜ್ರ ಅದರ ಹೊಟ್ಟೆಯಲ್ಲೇ ಭದ್ರವಾಗಿರಲಿ. ನಿಮ್ಮ ಖಜಾನೆಯ ಬೀಗಕ್ಕಿಂತ ಅದು ವಾಸಿ. ಕೋಳಿಯ ಆಯಸ್ಸು ಮುಗಿದ ಮೇಲೆ ಕಲ್ಲನ್ನು ನಾವೇ ತಂದುಕೊಡುತ್ತೇವೆ. ಇದನ್ನು ಬರೆಯುವಾಗಲೇ ಒಂದು ಮೊಟ್ಟೆಯೊಳಗೆ ಟಕ್ ಟಕ್ ಶುರುವಾಗಿದೆ. ಕೋಳಿಮರಿ ಕಣ್ಣುಬಿಟ್ಟಾಗ ಮೊದಲು ಕಂಡವರನ್ನೇ ತಾಯಿ ಎಂದುಕೊಳ್ಳುತ್ತದೆ, ಆಮೇಲೆ ಬಿಟ್ಟುಹೋಗುವುದಿಲ್ಲ. ಹೇಂಟೆ ಬಾರದಿದ್ದರೆ ನಾನು ಬುಟ್ಟಿಯನ್ನು ತಂದು ನಿಮ್ಮ ಮೇಜಿನ ಮೇಲಿಡುತ್ತೇನೆ. ನೀವು ಕುರ್ಚಿಯಲ್ಲಿ ಇದ್ದರೆ ಸಾಕು.

ಇಂತಿ,
ಬಲ್ಬಿನ ಪಕ್ಕದಿಂದ ಏಳಲಾಗದ
ಗಂಗಾಶ್ರೀ
ಗ್ರೀಸ್ ಮೇಜಿನ ಕೆಲಸದವಳು, ಸದ್ಯಕ್ಕೆ ಹಂಗಾಮಿ ಹೇಂಟೆ
ತೊಗರ್ಸಿ, ಶಿಕಾರಿಪುರ ತಾಲ್ಲೂಕು