ಕಿಲ್ಲೆಯ ಸಿಪಾಯಿಗಳು

೧೯ ಅಕ್ಟೋಬರ್ ೨೦೨೫, ರವಿವಾರ ರಾತ್ರಿ

ಇಂದು ಮಹಾಂತೇಶ ನಗರದ ನಮ್ಮ ಅಂಗಳದಲ್ಲಿ ರಾಜದ್ರೋಹ ನಡೆಯಿತು. ದ್ರೋಹಿ ನನ್ನ ಸ್ವಂತ ಅಣ್ಣ ಯಲ್ಲೇಶ.

ದೀಪಾವಳಿಗೆಂದು ಅವನ ಮಗಳು ಭೂಮಿಯೂ ನಾನೂ ಮಣ್ಣಿನ ಕಿಲ್ಲೆ ಕಟ್ಟಿ, ಬುರುಜಿನ ಮೇಲೆ ಸಿಪಾಯಿ ಗೊಂಬೆಗಳನ್ನು ನಿಲ್ಲಿಸುತ್ತಿದ್ದೆವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಇವರು ಜಾಗ ಬದಲಿಸುತ್ತಾರೆ, ನಾವು ಸಣ್ಣವರಿದ್ದಾಗ ಖಾನಾಪುರದ ಅಜ್ಜಿಯ ಮನೆಯಲ್ಲಿ ದಿನಾ ಬೆಳಿಗ್ಗೆ ನೋಡುತ್ತಿದ್ದೆವು ಎಂದು ನಾನು ಪರಮ ಗಾಂಭೀರ್ಯದಿಂದ ಹೇಳುತ್ತಿದ್ದೆ. ಅವಳು ಬಾಯಿ ತೆರೆದು ಕೇಳುತ್ತಿದ್ದಳು.

ಅಣ್ಣ ಮೊಬೈಲಿನಿಂದ ತಲೆ ಎತ್ತದೆ ನಕ್ಕ. "ಅವನ್ನ ಸರಸ್ತಿದ್ದಾಂವ ನಾನ. ನಿಮ್ಮ ಕಾಕಾ ಹುಚ್ಚನಂಗ ನಂಬತಿದ್ದ."

ಭೂಮಿ ಕೈಯಲ್ಲಿದ್ದ ಸಿಪಾಯಿಯನ್ನು ಕೆಳಗಿಟ್ಟಳು. "ಹೌದೇನ ಕಾಕಾ?"

ನನಗೆ ಮೈಯೆಲ್ಲ ಉರಿಯಿತು. ಅವನು ಸರಿಸುತ್ತಿದ್ದದ್ದು ನನಗೆ ಎಂದೋ ಗೊತ್ತು. ಗೊತ್ತಿದ್ದೂ ಆ ನಂಬಿಕೆಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅದನ್ನು ಮಗುವಿನ ಮುಂದೆ ಒಡೆಯಲು ಇವನ್ಯಾರು?

"ಅಣ್ಣಾ, ಒಂದ ವರ್ಷ ಪಾಡ್ಯಾದ ಹಿಂದಿನ ರಾತ್ರಿ ನೀ ಜ್ವರ ಬಂದು ದವಾಖಾನ್ಯಾಗ ಮಲಗಿದ್ದಿ. ಅವತ್ತ ಯಾರ ಸರಿಸಿದ್ರು?"

ಅವನು ಮೊಬೈಲ್ ಕೆಳಗಿಟ್ಟ. "ನೀನ ಇರಬೇಕ."

"ನಾನೂ ನಿನ್ನ ಬಾಜೂಕ ಇದ್ನಲ್ಲೋ."

ಭೂಮಿ ಸಿಪಾಯಿಯನ್ನು ಬುರುಜಿಗೆ ಏರಿಸಿದಳು. ಯಾರು ಸರಿಸಿದ್ದೆಂದು ಅಣ್ಣ ಊಟಕ್ಕೆ ಕುಳಿತಾಗಲೂ ಕೇಳಿದ, ಕೈ ತೊಳೆಯುವಾಗಲೂ ಕೇಳಿದ.

ಆ ರಾತ್ರಿ ಸರಿಸಿದವಳು ಅಜ್ಜಿ. ಆಮೇಲೊಮ್ಮೆ ನನ್ನ ಕಿವಿಯಲ್ಲಿ ಹೇಳಿದ್ದಳು: "ಯಲ್ಯಾಗ ಹೇಳಬ್ಯಾಡ. ಅಂವಗೂ ಒಂದೀಟು ಸೋಜಿಗ ಇರಲಿ."

ಹೇಳುವುದಿಲ್ಲ. ಅಜ್ಜಿ ಅದನ್ನು ಅವನಿಗೆ ಪ್ರೀತಿಯಿಂದ ಬಿಟ್ಟುಹೋದಳು. ನಾನು ಅದನ್ನೇ ಆಜೀವ ಶಿಕ್ಷೆಯೆಂದು ವಿಧಿಸಿದ್ದೇನೆ. ಅಷ್ಟು ಸಿಟ್ಟಿದೆ.